ಮೇಕಪ್ ಅಳಿಯದಂತೆ ಹಿಡಿದಿಡುವ ಪದರ: ಆರಿಸುವುದು, ಹಚ್ಚುವುದು, ತೆಗೆಯುವುದು ಹೇಗೆ?

ಬೆಳಿಗ್ಗೆ ಆರೂವರೆಗೆ ಮುಹೂರ್ತ, ಮಧ್ಯಾಹ್ನ ಎರಡರವರೆಗೆ ಫೋಟೊ, ಸಂಜೆಗೆ ಆರತಕ್ಷತೆ. ಮಂಡ್ಯ ಕಡೆಯ ಮದುವೆಯಾದರೆ ಇದರ ಜೊತೆಗೆ ಏಪ್ರಿಲ್ ಬಿಸಿಲು, ಫ್ಯಾನ್ ತಿರುಗಿದರೂ ಗಾಳಿಯಾಡದ ಸಮುದಾಯ ಭವನ, ಎದುರಿಗೆ ಹೋಮದ ಹೊಗೆ. ಇಷ್ಟನ್ನೂ ತಾಳಿಕೊಂಡು ಲಿಪ್‌ಸ್ಟಿಕ್ ಲೋಟಕ್ಕೆ ಅಂಟದೆ, ಕಾಡಿಗೆ ಕೆನ್ನೆಗಿಳಿಯದೆ, ತುರುಬು ಸಡಿಲವಾಗದೆ ಉಳಿದಿದೆ ಅಂದರೆ ಅಲ್ಲಿ ಪದರ ಕಟ್ಟುವ ಪಾಲಿಮರ್‌ಗಳು, ಅಂದರೆ ಸಣ್ಣ ಅಣುಗಳು ಸರಪಳಿಯಂತೆ ಸೇರಿ ಆದ ಉದ್ದುದ್ದ ಅಣುಗಳು, ಕೆಲಸ ಮಾಡಿವೆ ಅಂತಲೇ ಲೆಕ್ಕ.

ಪಾರ್ಲರ್‌ಗೆ ಬಂದವರು ಸಾಮಾನ್ಯವಾಗಿ ಕೇಳುವುದು ಒಂದೇ: "ಅಕ್ಕಾ, ಇದು ವಾಟರ್‌ಪ್ರೂಫ್ ತಾನೇ?" ರಾತ್ರಿ ಇದನ್ನು ಹೇಗೆ ತೆಗೆಯಬೇಕು ಎಂದು ಕೇಳುವವರು ಅಪರೂಪ. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದದ್ದು ಆ ಎರಡನೆಯ ಪ್ರಶ್ನೆಯೇ. ಒಣಗಿ ಕೂತ ಪದರದಿಂದ ಚರ್ಮಕ್ಕೆ ಆಗುವ ತೊಂದರೆ ಕಡಿಮೆ. ತೊಂದರೆ ಬರುವುದು ಅದೇ ಬಾಟಲಿಯಲ್ಲಿರುವ ಸಣ್ಣ ಅಣುಗಳಿಂದ, ಮತ್ತೆ ಅದನ್ನು ಉಜ್ಜಿ ಕೀಳುವ ನಮ್ಮ ಅವಸರದಿಂದ. ಹಾಗಾಗಿ ಇಲ್ಲಿ ಹಚ್ಚುವುದಕ್ಕಿಂತ ಪರೀಕ್ಷಿಸುವುದಕ್ಕೆ, ತೆಗೆಯುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪದರವೇ ಬೇರೆ, ಕಲೆಯೇ ಬೇರೆ

ಕಾಟನ್ ಸೀರೆಗೆ ಗಂಜಿ ಹಾಕುವವರಿಗೆ ಇದರ ಅರ್ಧ ವಿಷಯ ಆಗಲೇ ಗೊತ್ತು. ಗಂಜಿಯ ಪಿಷ್ಟವೂ ಒಂದು ಪಾಲಿಮರ್. ನೀರು ಆರಿದ ಮೇಲೆ ಅದರ ಉದ್ದುದ್ದ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ನೂಲಿನ ಮೇಲೆ ಬಿಗಿಯಾಗಿ ಕೂರುತ್ತವೆ. ಹೇರ್ ಸ್ಪ್ರೇ, ನೇಲ್ ಪಾಲಿಶ್, ಮಸ್ಕರಾ, ಬೆವರಿಗೆ ಇಳಿಯದ ಸನ್‌ಸ್ಕ್ರೀನ್, ಮುಖದಿಂದ ಸಿಪ್ಪೆಯಂತೆ ಎಳೆಯುವ ಮಾಸ್ಕ್, ಎಲ್ಲದರಲ್ಲೂ ನಡೆಯುವುದು ಇದೇ. ಪಾಲಿಮರನ್ನು ನೀರು, ಆಲ್ಕೊಹಾಲ್ ಅಥವಾ ಬೇಗ ಹಾರಿಹೋಗುವ ಬೇರೊಂದು ದ್ರವದಲ್ಲಿ ಬೆರೆಸಿರುತ್ತಾರೆ. ದ್ರವ ಆರುತ್ತದೆ, ಪದರ ಉಳಿಯುತ್ತದೆ, ಬಣ್ಣವೋ ಸನ್‌ಸ್ಕ್ರೀನಿನ ಅಂಶವೋ ಆ ಪದರದೊಳಗೆ ಸಿಕ್ಕಿಕೊಂಡು ನಿಲ್ಲುತ್ತದೆ.

ಚರ್ಮದೊಳಗೆ ಇಳಿಯುವುದಿಲ್ಲವೇ ಎಂಬ ಭಯ ಸಹಜ. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ) ದೊಡ್ಡ ಅಣು ಆರೋಗ್ಯವಂತ ಚರ್ಮದ ಹೊರಪದರವನ್ನು ದಾಟುವುದು ಬಹಳ ಕಷ್ಟ ಎಂಬುದು ಚರ್ಮವಿಜ್ಞಾನದಲ್ಲಿ ಬಳಕೆಯಲ್ಲಿರುವ ಅಂದಾಜು. ಹೇರ್ ಜೆಲ್‌ನಲ್ಲಿರುವ ಪಿವಿಪಿ, ಅಂದರೆ ಪಾಲಿವಿನೈಲ್‌ಪೈರೋಲಿಡೋನ್, ಹತ್ತಾರು ಸಾವಿರ ಡಾಲ್ಟನ್‌ನಿಂದ ಶುರುವಾಗುತ್ತದೆ. ಈ ಪಿವಿಪಿ ನಮಗೆ ಅಪರಿಚಿತವೇನಲ್ಲ. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್‌ನಲ್ಲಿ ಅಯೋಡಿನನ್ನು ಹಿಡಿದಿಟ್ಟಿರುವುದು ಇದೇ. ಮಾತ್ರೆಗಳು ಪುಡಿಯಾಗದಂತೆ ಬಿಗಿಯುವುದಕ್ಕೂ ಇದನ್ನು ಬಳಸುತ್ತಾರೆ. 1930ರ ದಶಕದ ಕೊನೆಯಲ್ಲಿ ಜರ್ಮನಿಯ ವಾಲ್ಟರ್ ರೆಪ್ಪೆ ಇದನ್ನು ತಯಾರಿಸಿದಾಗ ಮೊದಲು ಸಿಕ್ಕ ದೊಡ್ಡ ಕೆಲಸ ರಕ್ತದ ಪ್ಲಾಸ್ಮಾಕ್ಕೆ ಬದಲಿಯಾಗಿ. ತಲೆಗೂದಲಿಗೆ ಬಂದದ್ದು ಆಮೇಲೆ, 1950ರ ದಶಕದಲ್ಲಿ.

ಪದರ ಮತ್ತು ಕಲೆಯ ವ್ಯತ್ಯಾಸ ನೋಡಬೇಕಾದರೆ ಚುನಾವಣೆಯ ದಿನ ನಿಮ್ಮ ಎಡಗೈ ತೋರುಬೆರಳನ್ನೇ ನೋಡಿಕೊಳ್ಳಿ. ಆ ಶಾಯಿ ನಮ್ಮ ಮೈಸೂರಿನ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆಯದು. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಇಲ್ಲಿಂದಲೇ ಹೋಗುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮ ಮತ್ತು ಉಗುರಿನ ಜೊತೆಗೇ ಸೇರಿಕೊಂಡು ಬೆಳಕಿಗೆ ಕಪ್ಪಾಗುತ್ತದೆ. ಸೋಪು, ಎಣ್ಣೆ, ಅಸಿಟೋನ್ ಯಾವುದಕ್ಕೂ ಜಗ್ಗದು. ಆ ಚರ್ಮ ಉದುರಿ ಉಗುರು ಬೆಳೆದೇ ಹೋಗಬೇಕು. ಮದರಂಗಿಯೂ ಇದೇ ಜಾತಿ. ಪದರ ಹಾಗಲ್ಲ, ಮೇಲೆ ಕೂತಿರುತ್ತದೆ ಅಷ್ಟೆ. ಸರಿಯಾದ ದ್ರವ ಸಿಕ್ಕರೆ ಎದ್ದು ಬರುತ್ತದೆ. ಲಿಪ್ ಟಿಂಟ್ ಅನ್ನುವುದು ಕಲೆಯ ಕಡೆಗೆ, ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ಪದರದ ಕಡೆಗೆ. ಯಾವುದು ಯಾವ ಕಡೆಯದು ಅಂತ ಗೊತ್ತಿಲ್ಲದೆ ಉಜ್ಜಿದರೆ ತುಟಿ ಸುಲಿಯುತ್ತದೆ.

ಇದೇ ಕಾರ್ಖಾನೆ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದಾಗ ಇದ್ದ ಹೆಸರು ಮೈಸೂರ್ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಲ್ಯಾಕ್ ಅಂದರೆ ಅರಗು. ಅರಗಿನ ಹುಳ ಒಸರುವ ಈ ರಾಳವೂ ಪದರ ಕಟ್ಟುವ ಪದಾರ್ಥವೇ. ಪಿವಿಪಿ ಬರುವ ಮೊದಲು ಕೂದಲಿಗೆ ಹೊಡೆಯುತ್ತಿದ್ದ ದ್ರಾವಣಗಳಲ್ಲಿ ಶೆಲ್ಯಾಕ್ ಇರುತ್ತಿತ್ತು. ನೀರಿಗೆ ಕರಗದ ಅದನ್ನು ತೊಳೆಯುವುದೇ ಒಂದು ಶಿಕ್ಷೆ. "ನ್ಯಾಚುರಲ್" ಎಂದ ಕೂಡಲೇ ಮೃದು ಅಂದುಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಪಾಂಡವರಿಗೆ ಕಟ್ಟಿಸಿದ ಮನೆಯೂ ಅರಗಿನದೇ ಆಗಿತ್ತು.

ಹೆಜ್ಜೆ 1: ತಟ್ಟೆಯ ಬೆನ್ನ ಮೇಲೆ ಪರೀಕ್ಷೆ

ಹೊಸದಾಗಿ ತಂದದ್ದನ್ನು ಮೊದಲು ಮುಖಕ್ಕೆ ಹಚ್ಚಬೇಡಿ, ಸ್ಟೀಲ್ ತಟ್ಟೆಯ ಹಿಂಭಾಗಕ್ಕೆ ಹಚ್ಚಿ. ಜೆಲ್ ಆದರೆ ಕಡಲೆಕಾಳಿನಷ್ಟು, ಲಿಕ್ವಿಡ್ ಲಿಪ್‌ಸ್ಟಿಕ್, ಐಲೈನರ್, ಮಸ್ಕರಾ ಆದರೆ ಒಂದೊಂದು ಗೆರೆ. ರಾತ್ರಿಯಿಡೀ ಒಣಗಲಿ.

ಬೆಳಿಗ್ಗೆ ಹೇರ್ ಜೆಲ್ ಇದ್ದ ಜಾಗದಲ್ಲಿ ಗಾಜಿನ ಚೂರಿನಂಥ ಪಾರದರ್ಶಕ ಬಿಲ್ಲೆ ಇರುತ್ತದೆ. ಅಂಚು ಸ್ವಲ್ಪ ಮೇಲೆದ್ದು, ಉಗುರು ತಾಗಿಸಿದರೆ ಚಟ್ ಎಂದು ಸೀಳಬಹುದು. ಅದರ ಮೇಲೆ ಎರಡು ಹನಿ ನೀರು ಬಿಡಿ. ಮೊದಲು ಅಂಟಂಟಾಗಿ, ಆಮೇಲೆ ಲೋಳೆಯಾಗಿ ಜಾರಿದರೆ ಅದು ನೀರಿಗೆ ಕರಗುವ ಜಾತಿ; ಶಾಂಪೂ ಸಾಕು. ನೀರಿಗೆ ಜಗ್ಗದ ಗೆರೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ನಿಮಿಷ ಬಿಟ್ಟು ಹತ್ತಿಯಿಂದ ಒರೆಸಿ. ಬಂದರೆ ಎಣ್ಣೆಯ ದಾರಿ. ಅದಕ್ಕೂ ಬಾರದೆ ರಬ್ಬರಿನಂತೆ ಹಿಡಿದುಕೊಂಡಿದ್ದರೆ ಅದರಲ್ಲಿ ಸಿಲಿಕೋನ್ ರಾಳ ಇರುವ ಸಾಧ್ಯತೆ ಹೆಚ್ಚು. ಅಂಥದ್ದಕ್ಕೆ ಕುಲುಕಿ ಬಳಸುವ, ಎರಡು ಪದರದ ಮೇಕಪ್ ರಿಮೂವರ್ ಮನೆಯಲ್ಲಿ ಇಟ್ಟುಕೊಂಡೇ ಹಚ್ಚಿ. ತಟ್ಟೆಯಿಂದ ಬಾರದ್ದು ತುಟಿಯಿಂದ ಸುಲಭವಾಗಿ ಬಂದೀತು ಎಂದು ನಂಬಬೇಡಿ.

ಹೆಜ್ಜೆ 2: ಡಬ್ಬಿಯ ಹಿಂಭಾಗ ಓದಿ

ನಮ್ಮಲ್ಲಿ ಈಗ ಜಾರಿಯಲ್ಲಿರುವುದು 2020ರ ಸೌಂದರ್ಯವರ್ಧಕ ನಿಯಮಗಳು. ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಯಾವ ತಿಂಗಳೊಳಗೆ ಬಳಸಬೇಕು ಎಂಬುದು ಇರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಶೇ 1ಕ್ಕಿಂತ ಹೆಚ್ಚಿರುವುದು ಇಳಿಕೆಯ ಕ್ರಮದಲ್ಲಿ ಬರುತ್ತದೆ, ಉಳಿದದ್ದು ಹೇಗೆ ಬೇಕಾದರೂ. ಆದರೆ ಇದರಲ್ಲೊಂದು ಕಿಂಡಿ ಇದೆ: 60 ಮಿಲಿಲೀಟರಿಗಿಂತ ಕಡಿಮೆಯ ದ್ರವಕ್ಕೆ, 30 ಗ್ರಾಮಿಗಿಂತ ಕಡಿಮೆಯ ಗಟ್ಟಿ ಪದಾರ್ಥಕ್ಕೆ ಪಟ್ಟಿ ಕಡ್ಡಾಯವಲ್ಲ. ಲಿಪ್‌ಸ್ಟಿಕ್, ಮಸ್ಕರಾ, ನೇಲ್ ಪಾಲಿಶ್ ಎಲ್ಲವೂ ಈ ಕಿಂಡಿಯಲ್ಲೇ ನುಸುಳುವಂಥವು. ಆದರೂ ಪಟ್ಟಿ ಹಾಕುವ ಕಂಪನಿಗಳು ಬೇಕಾದಷ್ಟಿವೆ. ಕಣ್ಣಿಗೆ, ತುಟಿಗೆ ಹಚ್ಚುವುದಾದರೆ ಅಂಥವರದ್ದನ್ನೇ ಕೊಳ್ಳಿ. ದೇವರಾಜ ಮಾರ್ಕೆಟ್ ಸುತ್ತಲಿನ ಫ್ಯಾನ್ಸಿ ಸ್ಟೋರ್ ಇರಲಿ, ಮಂಡ್ಯದ ಪೇಟೆ ಬೀದಿ ಇರಲಿ, ಬಳೆ, ಕ್ಲಿಪ್ಪು ಎಷ್ಟು ಬೇಕಾದರೂ ಚೌಕಾಸಿ ಮಾಡಿ. ವಿಳಾಸವಿಲ್ಲದ ಐಲೈನರ್ ಮಾತ್ರ ಬೇಡ.

ಪಟ್ಟಿಯಲ್ಲಿ ಹುಡುಕಬೇಕಾದ ಹೆಸರುಗಳು ಕೆಲವೇ. ಪಿವಿಪಿ ಇದ್ದರೆ ನೀರಿಗೆ ಬರುತ್ತದೆ, ಆದರೆ ಗಾಳಿಯ ತೇವ ಹೀರಿ ಜಿನುಗುತ್ತದೆ. ವಿಪಿ/ವಿಎ ಕೋಪಾಲಿಮರ್ ಅಷ್ಟು ತೇವ ಹೀರದು. ಅಕ್ರಿಲೇಟ್ಸ್ ಕೋಪಾಲಿಮರ್ ಅನ್ನುವ ದೊಡ್ಡ ಕುಟುಂಬ ಹೇರ್ ಸ್ಪ್ರೇಯಿಂದ ಮಸ್ಕರಾವರೆಗೆ ಎಲ್ಲೆಡೆ ಕಾಣುತ್ತದೆ. ವಿಪಿ/ಐಕೊಸೀನ್ ಕೋಪಾಲಿಮರ್ ಸನ್‌ಸ್ಕ್ರೀನ್ ಬೆವರಿಗೆ ಇಳಿಯದಂತೆ ತಡೆಯುತ್ತದೆ. ಟ್ರೈಮಿಥೈಲ್‌ಸಿಲಾಕ್ಸಿಸಿಲಿಕೇಟ್ ಎಂಬ ಬಾಯಿ ತಿರುಗದ ಹೆಸರು ಕಂಡರೆ ಅದೇ ಮೇಲೆ ಹೇಳಿದ ಸಿಲಿಕೋನ್ ರಾಳ. ಪಾಲಿವಿನೈಲ್ ಆಲ್ಕೊಹಾಲ್ ಸಿಪ್ಪೆ ಮಾಸ್ಕಿನದು.

ಹೆಜ್ಜೆ 3: ಮುಹೂರ್ತಕ್ಕೆ ಹದಿನೈದು ದಿನ ಮೊದಲು ತೋಳಿನ ಮೇಲೆ

ಮದುವೆಯ ಹಿಂದಿನ ದಿನ ಟ್ರಯಲ್ ನೋಡಿದರೆ ಬಣ್ಣ ಹೊಂದುತ್ತದೆಯೇ ಅನ್ನುವುದು ಗೊತ್ತಾಗುತ್ತದೆ, ಅಲರ್ಜಿ ಗೊತ್ತಾಗುವುದಿಲ್ಲ. ಸೌಂದರ್ಯವರ್ಧಕದ ಅಲರ್ಜಿ ಹೆಚ್ಚಾಗಿ ತಡವಾಗಿ ಏಳುವ ಜಾತಿಯದು. ಭಾನುವಾರ ಹಚ್ಚಿದ್ದು ಮಂಗಳವಾರ, ಬುಧವಾರ ಕೆಂಪಾಗಬಹುದು. ಮೊಣಕೈ ಮಡಿಕೆಯ ಒಳಗಡೆ, ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ, ದಿನಕ್ಕೆ ಎರಡು ಸಲ, ಏಳರಿಂದ ಹತ್ತು ದಿನ ಹಚ್ಚಿ. ಕೆಂಪು, ತುರಿಕೆ, ಸಣ್ಣ ಗುಳ್ಳೆ ಏನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ. ಹೊಸದನ್ನು ಒಂದೊಂದಾಗಿ ನೋಡಿ. ನಾಲ್ಕು ಬಾಟಲಿ ಒಟ್ಟಿಗೆ ಹಚ್ಚಿಕೊಂಡರೆ ಕಳ್ಳ ಯಾರು ಅಂತ ತಿಳಿಯುವುದಿಲ್ಲ. ಅಲರ್ಜಿ ಆದಾಗ ಬೈಗುಳ ಪಾಲಿಮರಿಗೆ ಬಿದ್ದರೂ, ಸುವಾಸನೆ ಮತ್ತು ಸಂರಕ್ಷಕಗಳೇ ಅದಕ್ಕಿಂತ ಸಾಮಾನ್ಯ ಕಾರಣ.

ಹೆಜ್ಜೆ 4: ಮುಖಕ್ಕೆ ತೆಳುವಾಗಿ, ಕಾದು

ದಸರಾ ಜಂಬೂ ಸವಾರಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಜಾಗ ಹಿಡಿದು ಗಂಟೆಗಟ್ಟಲೆ ನಿಲ್ಲುವವರು, ನಾಲೆ ಬಯಲಿನಲ್ಲಿ ಕಬ್ಬಿಗೆ ನೀರು ಕಟ್ಟುವವರು ಸನ್‌ಸ್ಕ್ರೀನಿನಲ್ಲಿ ಪದರ ಕಟ್ಟುವ ಪಾಲಿಮರ್ ಇರುವಂಥದ್ದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಬೆವರಿಗೆ ಇಳಿಯದಂತೆ ತಡೆಯುವುದಷ್ಟೇ ಅಲ್ಲ, ಚರ್ಮದ ಏರುತಗ್ಗುಗಳ ಮೇಲೆ ಸನ್‌ಸ್ಕ್ರೀನ್ ಒಂದೇ ಸಮ ಹರಡಿ ನಿಲ್ಲುವಂತೆ ಮಾಡುವುದೂ ಇದೇ. ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ, ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗಿನ ಲೆಕ್ಕ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ ಹಿಂಡಿಕೊಂಡರೆ ಅದರ ಹತ್ತಿರ ಬರುತ್ತದೆ. ನೀರಿಗೆ ನಿಲ್ಲುತ್ತದೆ ಎಂದಿದ್ದರೂ ಅಮೆರಿಕದ ನಿಯಮದಲ್ಲಿ ಅದರ ಅರ್ಥ 40 ಅಥವಾ 80 ನಿಮಿಷ ಅಷ್ಟೆ. ಎರಡು ಗಂಟೆಗೊಮ್ಮೆ, ಟವೆಲ್ಲಿನಲ್ಲಿ ಬೆವರು ಒರೆಸಿಕೊಂಡಾಗಲೆಲ್ಲ, ಮತ್ತೆ ಹಚ್ಚಲೇಬೇಕು.

ಪದರದ ಮೇಲೆ ಪದರ ಹಾಕುವಾಗ ಕೆಳಗಿನದು ಒಣಗದಿದ್ದರೆ ಉಜ್ಜಿದಂತೆಲ್ಲ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ. ಅದು ಮುಖದ ಕೊಳೆಯಲ್ಲ, ಪಾಲಿಮರ್ ಸುತ್ತಿಕೊಂಡದ್ದು. ಸನ್‌ಸ್ಕ್ರೀನಿಗೂ ಫೌಂಡೇಶನ್ನಿಗೂ ನಡುವೆ ಐದು ಹತ್ತು ನಿಮಿಷ ಬಿಡಿ. ಆ ಹೊತ್ತಿಗೆ ಸೀರೆ ನೆರಿಗೆ ಹಿಡಿದರಾಯಿತು. ಮೇಲಿನದನ್ನು ಉಜ್ಜದೆ ಒತ್ತಿ ಒತ್ತಿ ಹಚ್ಚಿ.

ಹೆಜ್ಜೆ 5: ಕೂದಲು

ಇಲ್ಲಿ ಮುಖ್ಯವಾದದ್ದು ಎರಡು, ಉಸಿರು ಮತ್ತು ಬೆಂಕಿ. ಹೇರ್ ಸ್ಪ್ರೇಯ ಹನಿಗಳಲ್ಲಿ ತೀರಾ ಸಣ್ಣವು ಶ್ವಾಸಕೋಶದ ಆಳಕ್ಕೆ ಹೋಗಬಲ್ಲವು. ಒಮ್ಮೆ ಹೊಡೆಸಿಕೊಳ್ಳುವ ಮದುಮಗಳಿಗಿಂತ ದಿನವಿಡೀ ಹೊಡೆಯುವ ಪಾರ್ಲರ್ ಹುಡುಗಿಗೇ ಇದರ ಚಿಂತೆ ಹೆಚ್ಚು. ಕಿಟಕಿ ತೆಗೆದು, ಒಂದಡಿ ದೂರದಿಂದ, ಆಸ್ತಮಾ ಇರುವವರು ಮತ್ತು ಮಕ್ಕಳು ಕೋಣೆಯಲ್ಲಿ ಇಲ್ಲದಾಗ ಹೊಡೆಯಿರಿ. ಇನ್ನು ಕ್ಯಾನಿನಲ್ಲಿರುವುದು ಬಹುಪಾಲು ಆಲ್ಕೊಹಾಲ್ ಮತ್ತು ಉರಿಯುವ ಅನಿಲ. ಸ್ಪ್ರೇ ಹೊಡೆದ ಕೋಣೆಯಲ್ಲೇ ದೀಪ ಹಚ್ಚುವುದು, ಹಸಿ ತುರುಬಿನಲ್ಲಿ ಆರತಿಗೆ ಬಗ್ಗುವುದು ಬೇಡ. ಪೂರ್ತಿ ಆರಿದ ಮೇಲೆ ಮಲ್ಲಿಗೆ ಮುಡಿಸಿ, ಆಮೇಲೆ ಮಂಟಪಕ್ಕೆ ಕಳಿಸಿ.

ಮಳೆಗಾಲದಲ್ಲಿ ಬರೀ ಪಿವಿಪಿ ಇರುವ ಜೆಲ್ ಕೂದಲನ್ನು ಅಂಟುಮಾಡುತ್ತದೆ. ಆಗ ವಿಪಿ/ವಿಎ ಅಥವಾ ಅಕ್ರಿಲೇಟ್ ಇರುವುದು ವಾಸಿ. ಮನೆಯಲ್ಲೇ ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯೂ ಗುಂಗುರು ಕೂದಲಿಗೆ ಚೆನ್ನಾಗಿಯೇ ಪದರ ಕಟ್ಟುತ್ತದೆ, ದಾಸವಾಳದ ಎಲೆಯ ಲೋಳೆಯ ಹಾಗೆ. ಸಂರಕ್ಷಕ ಇಲ್ಲದ್ದರಿಂದ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ವಾಸನೆ ತಿರುಗಿದರೆ ಚೆಲ್ಲಿ.

ಹೆಜ್ಜೆ 6: ಉಗುರು, ಇಲ್ಲಿ ಎಚ್ಚರ ಹೆಚ್ಚು ಬೇಕು

ಮಾಮೂಲಿ ನೇಲ್ ಪಾಲಿಶ್ ಮತ್ತು ಜೆಲ್ ಪಾಲಿಶ್ ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ರಸಾಯನ ಬೇರೆ. ಮಾಮೂಲಿಯದರಲ್ಲಿ ನೈಟ್ರೋಸೆಲ್ಯುಲೋಸ್ ಎಂಬ ಸಿದ್ಧ ಪಾಲಿಮರ್ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್‌ನಲ್ಲಿ ಕರಗಿರುತ್ತದೆ. ದ್ರಾವಕ ಹಾರುತ್ತದೆ, ಪದರ ನಿಲ್ಲುತ್ತದೆ. 1920ರ ದಶಕದ ಕಾರಿನ ಬಣ್ಣದಿಂದ ಉಗುರಿಗೆ ಬಂದ ವಿದ್ಯೆ ಇದು. ಜೆಲ್‌ನಲ್ಲಿ ಪಾಲಿಮರ್ ಇನ್ನೂ ಪೂರ್ತಿ ಆಗಿರುವುದೇ ಇಲ್ಲ. ಮೆಥಾಕ್ರಿಲೇಟ್ ಎಂಬ ಸಣ್ಣ ಅಣುಗಳು ದೀಪದ ಅಡಿಯಲ್ಲಿ, ನಿಮ್ಮ ಬೆರಳ ಮೇಲೆಯೇ, ಸರಪಳಿಯಾಗುತ್ತವೆ. ಹಾಗೆ ಸೇರದೆ ಉಳಿದ ಅಣು ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದ ಅಲರ್ಜಿ ಸಾಮಾನ್ಯವಾಗಿ ಬದುಕಿಡೀ ಉಳಿಯುತ್ತದೆ. ಹಲ್ಲಿನ ಫಿಲ್ಲಿಂಗಿನಲ್ಲೂ ಇದೇ ಕುಟುಂಬದ ಪದಾರ್ಥ ಇರುವುದರಿಂದ ದಂತವೈದ್ಯರ ಕುರ್ಚಿಯಲ್ಲೂ ಅದು ತೊಂದರೆ ಕೊಡಬಹುದು.

ಆದ್ದರಿಂದ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ದೀಪ ಮತ್ತು ಜೆಲ್ ಕಿಟ್ ತರಿಸಿಕೊಂಡು ಮನೆಯಲ್ಲಿ ಹಾಕಿಕೊಳ್ಳುವುದನ್ನು ನಾನಂತೂ ಬೇಡ ಅನ್ನುತ್ತೇನೆ. ಯುರೋಪಿನಲ್ಲಿ ಹೆಮಾ ಎಂಬ ಮೆಥಾಕ್ರಿಲೇಟ್ ಇರುವ ಉಗುರಿನ ಉತ್ಪನ್ನವನ್ನು ವೃತ್ತಿಪರರು ಮಾತ್ರ ಬಳಸಬೇಕೆಂದು ಎಚ್ಚರಿಕೆ ಹಾಕುತ್ತಾರೆ. ಟಿಪಿಒ ಎಂಬ, ಬೆಳಕಿಗೆ ಕ್ರಿಯೆ ಶುರುಮಾಡುವ ಪದಾರ್ಥವನ್ನು 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ನಿಷೇಧಿಸಿದ್ದಾರೆ. ಪಾರ್ಲರ್‌ನಲ್ಲೇ ಹಾಕಿಸಿದರೂ ಮೂರು ವಿಷಯ ಗಮನಿಸಿ: ಜೆಲ್ ಉಗುರಿನ ಅಂಚಿನ ಚರ್ಮಕ್ಕೆ ತಾಗಿದರೆ ದೀಪಕ್ಕೆ ಇಡುವ ಮೊದಲೇ ಒರೆಸಬೇಕು, ಜೆಲ್ ಮತ್ತು ದೀಪ ಒಂದೇ ಕಂಪನಿಯದಾಗಿರಬೇಕು, ಹೇಳಿದಷ್ಟು ಸೆಕೆಂಡು ಪೂರ್ತಿ ಇಡಬೇಕು. ಹೊರಗೆ ಕ್ಯೂ ಇದೆ ಎಂದು ದೀಪದಿಂದ ಬೇಗ ತೆಗೆಯುವುದು ಸಣ್ಣ ವಿಷಯವಲ್ಲ.

ಮಾಮೂಲಿ ಪಾಲಿಶ್‌ಗೂ ಒಂದು ಕಣ್ಣಾಮುಚ್ಚಾಲೆ ಇದೆ. ಕೆಲವದರಲ್ಲಿ ಹೊಳಪಿಗೆ ಮತ್ತು ಹಿಡಿತಕ್ಕೆ ಟಾಸಿಲಮೈಡ್ ಫಾರ್ಮಾಲ್ಡಿಹೈಡ್ ರಾಳ ಸೇರಿಸುತ್ತಾರೆ. ಇದರ ಅಲರ್ಜಿ ಬೆರಳಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ರೆಪ್ಪೆಯ ಮೇಲೆ, ಕುತ್ತಿಗೆಯಲ್ಲಿ ಕಾಣುತ್ತದೆ. ಕೈ ಅಲ್ಲೆಲ್ಲ ಹೋಗುತ್ತಿರುತ್ತದಲ್ಲ, ಅಲ್ಲಿನ ಚರ್ಮವೂ ತೆಳು. ರೆಪ್ಪೆ ಊದಿಕೊಂಡಿತೆಂದು ಪಾಪ ಕಾಡಿಗೆಯನ್ನು ಬದಲಾಯಿಸುತ್ತಾ ಕೂರುತ್ತಾರೆ.

ಸ್ಟಿಕ್ಕರ್ ಬೊಟ್ಟಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಪದರಕ್ಕಿಂತ ಅಂಟಿನ ಕತೆ. ಕೆಲವು ಅಂಟುಗಳಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫಿನಾಲ್ ಎಂಬ ಪದಾರ್ಥ ಹಣೆಯ ಬಣ್ಣವನ್ನೇ ಅಳಿಸಿ ಬೊಟ್ಟಿನಷ್ಟೇ ಬಿಳಿ ಮಚ್ಚೆ ಮೂಡಿಸುವುದು ನಮ್ಮ ದೇಶದ ಚರ್ಮವೈದ್ಯರು ಕಂಡು ದಾಖಲಿಸಿದ ಸಂಗತಿ. ಬೊಟ್ಟಿನ ಜಾಗ ತುರಿಸುತ್ತಿದ್ದರೆ, ತಿಳಿಯಾಗುತ್ತಿದ್ದರೆ ಆ ದಿನವೇ ಬಿಡಿ. ಕನ್ನಡಿಗೆ ಅಂಟಿಸಿಟ್ಟು ಮರುದಿನ ಮತ್ತೆ ಹಚ್ಚಿಕೊಳ್ಳಬೇಡಿ. ಒಳ್ಳೆಯ ಕುಂಕುಮವೋ, ಮೊದಲೇ ತೋಳಿನ ಮೇಲೆ ಪರೀಕ್ಷಿಸಿದ ಬೇರೆ ಬೊಟ್ಟೋ ಆಗಬಹುದು.

ಹೆಜ್ಜೆ 7: ರಾತ್ರಿ ತೆಗೆಯುವುದು

ಆರತಕ್ಷತೆ ಮುಗಿದು ಹನ್ನೊಂದು ಗಂಟೆ. ಪಿನ್ನು ಬಿಚ್ಚುವಷ್ಟರಲ್ಲೇ ಸುಸ್ತು, ಕೈಗೆ ಸಿಕ್ಕ ಸೋಪಿನಿಂದ ಗಸಗಸ ಉಜ್ಜಿ ಮಲಗುವುದು. ಮರುದಿನದ ಉರಿಗೆ ಮುಖ್ಯ ಕಾರಣ ಆ ಉಜ್ಜಾಟ.

ಕೂದಲಿನ ಹೇರ್ ಸ್ಪ್ರೇ ಮೇಲೆ ಬಾಚಣಿಗೆ ಎಳೆಯಬೇಡಿ. ಒಣ ಪದರ ಕೂದಲನ್ನು ಕೂದಲಿಗೆ ಬೆಸೆದಿರುತ್ತದೆ, ಎಳೆದರೆ ಕೂದಲೇ ತುಂಡಾಗುತ್ತದೆ. ನೀರು, ಕಂಡಿಷನರ್ ಹಚ್ಚಿ ಪದರ ಮೆತ್ತಗಾದ ಮೇಲೆ ಬಿಡಿಸಿ, ಆಮೇಲೆ ಶಾಂಪೂ. ಕಣ್ಣಿಗೆ, ರಿಮೂವರ್ ಅಥವಾ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಅರ್ಧ ನಿಮಿಷ ಸುಮ್ಮನೆ ಇಟ್ಟು ಕೆಳಮುಖವಾಗಿ ಒಂದೇ ಸಲ ಸವರಿ. ಟ್ಯೂಬಿಂಗ್ ಎನ್ನುವ ಮಸ್ಕರಾಕ್ಕೆ ಎಣ್ಣೆ ಬೇಡ, ಬೆಚ್ಚನೆ ನೀರು ಸಾಕು. ಪ್ರತಿ ಕೂದಲಿಗೂ ತೊಡಿಸಿದ್ದ ಕಪ್ಪು ಕೊಳವೆ ಇಡಿಇಡಿಯಾಗಿ ಜಾರಿ ಬೆರಳಿಗೆ ಬರುತ್ತದೆ. ಮೊದಲ ಸಲ ಕಂಡವರು ರೆಪ್ಪೆಗೂದಲೇ ಉದುರಿತೆಂದು ಗಾಬರಿಯಾಗುವುದುಂಟು.

ತುಟಿಯ ಸಿಲಿಕೋನ್ ರಾಳಕ್ಕೆ ಮೊದಲು ಎಣ್ಣೆ ಸವರಿ ಒಂದೆರಡು ನಿಮಿಷ ಬಿಡಿ, ಬಳಿಕ ಎರಡು ಪದರದ ರಿಮೂವರ್. ಮುಖಕ್ಕೆ ಎಣ್ಣೆ ಅಥವಾ ಕ್ಲೆನ್ಸಿಂಗ್ ಬಾಮ್, ಅದರ ಮೇಲೆ ಸೌಮ್ಯವಾದ ಫೇಸ್‌ವಾಶ್. ಜೆಲ್ ಪಾಲಿಶನ್ನು ಎಂದೂ ಕೀಳಬೇಡಿ. ಕೀಳುವಾಗ ಉಗುರಿನ ಮೇಲಿನ ತೆಳು ಪದರವೂ ಜೊತೆಗೆ ಬರುತ್ತದೆ. ಮೇಲ್ಮೈಯನ್ನು ನೇಲ್ ಫೈಲ್‌ನಿಂದ ಸ್ವಲ್ಪ ಉಜ್ಜಿ, ಅಸಿಟೋನ್ ಹತ್ತಿ ಸುತ್ತಿ, ಹತ್ತು ಹದಿನೈದು ನಿಮಿಷ ಕಾಯಿರಿ. ಒಲೆ, ಊದುಬತ್ತಿ ಹತ್ತಿರ ಬೇಡ.

ಸಿಪ್ಪೆ ಮಾಸ್ಕನ್ನು ಹುಬ್ಬು, ಕೂದಲಂಚು, ತುಟಿ ಬಿಟ್ಟು ಹಚ್ಚಿ. ಮೊಡವೆಗೆ ರೆಟಿನಾಯ್ಡ್ ಹಚ್ಚುತ್ತಿರುವವರು, ಈಗಷ್ಟೇ ಥ್ರೆಡಿಂಗ್ ಮಾಡಿಸಿದವರು ಅದರ ತಂಟೆಗೇ ಹೋಗಬಾರದು. ಶಾಲೆಯ ಗೋಂದಿಗೆ ಇದ್ದಿಲು ಪುಡಿ ಕಲಸಿ ಮುಖಕ್ಕೆ ಬಳಿದುಕೊಳ್ಳುವ ವಿಡಿಯೊಗಳಿವೆ. ಗೋಂದಿನಲ್ಲೂ ಪಾಲಿಮರ್ ಇರುವುದು ನಿಜ, ಆದರೆ ಅದನ್ನು ಮುಖದ ಚರ್ಮಕ್ಕೆಂದು ಯಾರೂ ತಯಾರಿಸಿಲ್ಲ, ಪರೀಕ್ಷಿಸಿಲ್ಲ.

ತೊಳೆದದ್ದು ಚರಂಡಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. 2023ರಲ್ಲಿ ಯುರೋಪ್ ಒಕ್ಕೂಟ ಬೇಕೆಂದೇ ಸೇರಿಸುವ ಮೈಕ್ರೋಪ್ಲಾಸ್ಟಿಕ್‌ಗಳಿಗೆ ಕಡಿವಾಣ ಹಾಕಿತು. ನೀರಿಗೆ ಕರಗುವ ಪಾಲಿಮರ್‌ಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಮೇಕಪ್, ತುಟಿ, ಉಗುರಿನ ಉತ್ಪನ್ನಗಳಿಗೆ 2035ರವರೆಗೆ ಕಾಲಾವಕಾಶ ಕೊಟ್ಟಿದೆ. ನಾವು ಮಾಡಬಹುದಾದದ್ದು ಚಿಕ್ಕದು: ಎಣ್ಣೆ ಹಚ್ಚಿ ಬಿಡಿಸಿದ್ದನ್ನು ಹತ್ತಿಯಲ್ಲಿ ಒರೆಸಿ ಕಸದ ಬುಟ್ಟಿಗೆ ಹಾಕಿ, ಉಳಿದದ್ದನ್ನು ಮಾತ್ರ ತೊಳೆಯುವುದು.

ಏನಾದರೂ ಎಡವಟ್ಟಾದರೆ

ಕೆಂಪು, ಊತ, ಉರಿ ಕಂಡರೆ ಸಾಕಷ್ಟು ನೀರಿನಿಂದ ತೊಳೆದು ಎಲ್ಲ ಹೊಸ ಉತ್ಪನ್ನ ನಿಲ್ಲಿಸಿ. ಅರಿಶಿನ, ನಿಂಬೆರಸ, ಟೂತ್‌ಪೇಸ್ಟ್ ಬಳಿಯಬೇಡಿ. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಕ್ರೀಮ್ ಕೂಡ ಬೇಡ, ಮುಖಕ್ಕಂತೂ ಬೇಡವೇ ಬೇಡ. ಕಣ್ಣೊಳಗೆ ಹೋಗಿದ್ದರೆ, ಮುಖ ಊದಿ ಉಸಿರಿಗೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ಚರ್ಮದ ಡಾಕ್ಟರನ್ನು ನೋಡಿ, ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡೂ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳು.

ಹೋಗುವಾಗ ಬಾಟಲಿಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ನೇಲ್ ಪಾಲಿಶ್ ಮತ್ತು ಬೊಟ್ಟಿನ ಹಾಳೆಯನ್ನೂ ಬಿಡದೆ. ಪಾರ್ಲರ್‌ನಲ್ಲಿ ಹಚ್ಚಿಸಿಕೊಂಡದ್ದಾದರೆ ಅವರ ಬಾಟಲಿಗಳ ಹಿಂಭಾಗದ ಫೋಟೊ ತರಿಸಿಕೊಳ್ಳಿ. ಡಾಕ್ಟರು ಪ್ಯಾಚ್ ಟೆಸ್ಟ್ ಹೇಳಿದರೆ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ. ಅಷ್ಟು ದಿನ ಬೆನ್ನಿಗೆ ನೀರು ಹಾಕುವಂತಿಲ್ಲ, ಬೆವರು ಹರಿಯುವ ಕೆಲಸವೂ ಸಲ್ಲದು. ಹಾಗಾಗಿ ಹಬ್ಬದ ಎಣ್ಣೆಸ್ನಾನವೋ ನಾಟಿ ಕೆಲಸವೋ ಎದುರಿಗಿಲ್ಲದ ವಾರ ನೋಡಿ ದಿನ ಗೊತ್ತುಮಾಡಿಕೊಳ್ಳಿ.